ಶಾಸಕರಿಗೆ ಬಹಿಷ್ಕಾರದ ಎಚ್ಚರಿಕೆ ಕೊಟ್ಟ ಮಹಾಧರ್ಮಾಧ್ಯಕ್ಷ ಜೋಸೆಫ್ ರಮ್ಮೆಲ್

2004ರಲ್ಲಿ ಕಥೋಲಿಕ ಜಾನ್ ಕೆರಿ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ, ಗರ್ಭಪಾತದ ಹಕ್ಕಿನ ಪರ ಮತ ಚಲಾಯಿಸುವ ರಾಜಕಾರಣಿಗೆ ಪರಮಪ್ರಸಾದ ನೀಡಬಹುದೇ ಎಂಬ ಪ್ರಶ್ನೆ ಅಲ್ಲಿನ ಧರ್ಮಾಧ್ಯಕ್ಷರಲ್ಲಿಯೇ ಭಿನ್ನಮತ ಹುಟ್ಟಿಸಿತು. ಆಗ ಆ ಚರ್ಚೆಯಲ್ಲಿ ಮತ್ತೆ ಕೇಳಿಬಂದ ಹಳೆಯ ಹೆಸರು ನ್ಯೂ ಆರ್ಲಿಯನ್ಸ್‌ನ ಮಹಾಧರ್ಮಾಧ್ಯಕ್ಷರಾಗಿದ್ದ ಜೋಸೆಫ್ ಫ್ರಾನ್ಸಿಸ್ ರಮ್ಮೆಲ್ ಅವರದು. ಅವರ ಕಾಲದ ಹೋರಾಟ ಬೇರೆಯೇ ಆಗಿತ್ತು. ಬಿಳಿಯರನ್ನೂ ಕಪ್ಪು ಜನರನ್ನೂ ಬೇರ್ಪಡಿಸುವ ಕಾನೂನುಗಳ ಪರ ನಿಂತ ತಮ್ಮದೇ ವಿಶ್ವಾಸಿಗಳನ್ನು ಅವರು ಎದುರಿಸಬೇಕಾಯಿತು.

ರಮ್ಮೆಲ್ ಜನಿಸಿದ್ದು 1876ರ ಅಕ್ಟೋಬರ್ 14ರಂದು, ಜರ್ಮನಿಯ ಬಾಡೆನ್ ಪ್ರಾಂತದ ಸ್ಟೈನ್‌ಮಾವರ್ನ್ ಎಂಬ ಹಳ್ಳಿಯಲ್ಲಿ. ಬಾಲ್ಯದಲ್ಲಿಯೇ ಪೋಷಕರೊಡನೆ ನ್ಯೂಯಾರ್ಕಿಗೆ ವಲಸೆ ಬಂದ ಅವರು 1902ರಲ್ಲಿ ರೋಮ್‌ನಲ್ಲಿ ಗುರುದೀಕ್ಷೆ ಪಡೆದರು. 1928ರಲ್ಲಿ ಓಮಾಹಾದ ಧರ್ಮಾಧ್ಯಕ್ಷರಾಗಿ, 1935ರಲ್ಲಿ ನ್ಯೂ ಆರ್ಲಿಯನ್ಸ್‌ನ ಮಹಾಧರ್ಮಾಧ್ಯಕ್ಷರಾಗಿ ನೇಮಕಗೊಂಡರು.

ಅಮೆರಿಕದ ದಕ್ಷಿಣದಲ್ಲಿ ಕಥೋಲಿಕರು ಬಹುಸಂಖ್ಯೆಯಲ್ಲಿದ್ದ ಅಪರೂಪದ ನಗರವದು. ಆದರೆ ದೇವರ ಮುಂದೆಯೂ ಅಲ್ಲಿ ಎರಡು ಸಾಲುಗಳಿದ್ದವು. ಚರ್ಚಿನಲ್ಲಿ ಕಪ್ಪು ಜನರು ಹಿಂದಿನ ಬೆಂಚುಗಳಲ್ಲಿ ಕೂರಬೇಕು, ಬಿಳಿಯರೆಲ್ಲ ಪರಮಪ್ರಸಾದ ಸ್ವೀಕರಿಸಿದ ನಂತರವೇ ಮುಂದೆ ಬರಬೇಕು. ಬಂದವರೇ ರಮ್ಮೆಲ್ ಇದನ್ನೆಲ್ಲ ಕಿತ್ತೊಗೆಯಲಿಲ್ಲ. ಬಹುಕಾಲ ಅವರೂ ಊರಿನ ರೂಢಿಯನ್ನೇ ನಡೆಸಿಕೊಂಡು ಬಂದರು. 1948ರಲ್ಲಿ ಗುರುಮಠಕ್ಕೆ ಇಬ್ಬರು ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಂಡಾಗ ಅವರಿಗೆ ಎಪ್ಪತ್ತು ದಾಟಿತ್ತು. ನಂತರ ಚರ್ಚುಗಳಲ್ಲಿದ್ದ ಪ್ರತ್ಯೇಕ ಆಸನದ ಫಲಕಗಳನ್ನು ತೆಗೆಸಿದರು. 1953ರಲ್ಲಿ ಎಲ್ಲ ಚರ್ಚುಗಳಲ್ಲಿ ಓದಿಸಿದ ಪತ್ರದ ಮೂಲಕ ಆರಾಧನೆಯಲ್ಲಿನ ಪ್ರತ್ಯೇಕತೆಯನ್ನು ನಿಷೇಧಿಸಿದರು.

1955ರ ಅಕ್ಟೋಬರಿನಲ್ಲಿ ಜೆಸ್ಯೂಟ್ ಬೆಂಡ್ ಎಂಬ ಊರಿನ ಬಿಳಿಯರು ಬಲಿಪೂಜೆಗೆ ಬಂದ ಕಪ್ಪು ಯಾಜಕರೊಬ್ಬರನ್ನು ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳುಹಿಸಿದರು. ರಮ್ಮೆಲ್ ಆ ಪ್ರಾರ್ಥನಾಲಯದ ಪೂಜೆಯನ್ನೇ ನಿಲ್ಲಿಸಿಬಿಟ್ಟರು. ಯಾವ ವರ್ಣದ ಗುರು ಬಂದರೂ ಸ್ವೀಕರಿಸುವವರೆಗೆ ಅಲ್ಲಿ ಪೂಜೆಯಿಲ್ಲ ಎಂಬುದು ಅವರ ಆಜ್ಞೆಯಾಗಿತ್ತು.

ಮುಂದಿನ ವರ್ಷ ಸಂಘರ್ಷ ಶಾಸನಸಭೆಯ ಅಂಗಳ ತಲುಪಿತು. ಸರ್ಕಾರಿ ಶಾಲೆಗಳಲ್ಲಿನ ವರ್ಣಪ್ರತ್ಯೇಕತೆ ಸಂವಿಧಾನಬಾಹಿರವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ತೀರ್ಪಿತ್ತಿದ್ದರೂ ಲೂಯಿಸಿಯಾನಾದ ಶಾಸಕರು ಪಟ್ಟು ಸಡಿಲಿಸಿರಲಿಲ್ಲ. ಖಾಸಗಿ ಹಾಗೂ ಚರ್ಚಿನ ಶಾಲೆಗಳನ್ನೂ ಪ್ರತ್ಯೇಕತೆಯ ಕಾನೂನಿಗೆ ಒಳಪಡಿಸುವ ಪ್ರಸ್ತಾವ ಹುಟ್ಟಿತು. ಅದರ ಮುಂಚೂಣಿಯಲ್ಲಿ ಕಥೋಲಿಕ ಶಾಸಕರೇ ಇದ್ದರು. 1956ರ ಫೆಬ್ರುವರಿಯಲ್ಲಿ ರಮ್ಮೆಲ್ ವರ್ಣಪ್ರತ್ಯೇಕತೆ ಪಾಪವೆಂದು ಪತ್ರ ಹೊರಡಿಸಿದರು. ಇಂಥ ಮಸೂದೆಗೆ ಬೆಂಬಲ ನೀಡುವ ಕಥೋಲಿಕ ಶಾಸಕರು ಬಹಿಷ್ಕಾರಕ್ಕೆ ಗುರಿಯಾಗಬಹುದೆಂದು ಮಹಾಧರ್ಮಪ್ರಾಂತ್ಯದ ಪತ್ರಿಕೆ ಎಚ್ಚರಿಸಿತು. ಬಹಿಷ್ಕಾರವೆಂದರೆ ಸಂಸ್ಕಾರಗಳಿಂದ ದೂರವಿರಿಸುವ ಶಿಕ್ಷೆ. ವಿಶ್ವಾಸಿಗೆ ಅದಕ್ಕಿಂತ ಕಠಿಣವಾದದ್ದು ಇನ್ನೊಂದಿಲ್ಲ. ಚರ್ಚಿನ ಶಾಲೆಗಳನ್ನು ಕಟ್ಟಿಹಾಕುವ ಆ ಮಸೂದೆ ಕಾನೂನಾಗಲಿಲ್ಲ.

ಪ್ರತಿರೋಧವೇನೂ ಕಡಿಮೆಯಿರಲಿಲ್ಲ. ಮಹಾಧರ್ಮಾಧ್ಯಕ್ಷರ ನಿವಾಸದ ಹುಲ್ಲುಹಾಸಿನಲ್ಲಿ ಶಿಲುಬೆಯೊಂದನ್ನು ಸುಡಲಾಯಿತು. ಶ್ರೀಸಾಮಾನ್ಯ ಕಥೋಲಿಕರ ಸಂಘವೊಂದು ನೇರವಾಗಿ ಪೋಪ್ ಹನ್ನೆರಡನೆಯ ಪಿಯುಸ್ ಅವರಿಗೇ ದೂರು ಸಲ್ಲಿಸಿತು. ವ್ಯಾಟಿಕನ್ ರಮ್ಮೆಲ್ ಅವರ ಬೆನ್ನಿಗೆ ನಿಂತಿತು.

ಇಷ್ಟಾದರೂ ತಮ್ಮ ಶಾಲೆಗಳ ವಿಷಯದಲ್ಲಿ ಅವರು ಹಿಂಜರಿದರು ಎಂಬುದನ್ನು ಮರೆಮಾಚುವಂತಿಲ್ಲ. ಪಾಪವೆಂದು ಸಾರಿದ್ದನ್ನೇ ಮತ್ತೆ ಆರು ವರ್ಷ ತಮ್ಮ ತರಗತಿಗಳಲ್ಲಿ ನಡೆಯಗೊಟ್ಟರು. 1960ರಲ್ಲಿ ನಗರದ ಸರ್ಕಾರಿ ಶಾಲೆಗಳಿಗೆ ಪುಟ್ಟ ಕಪ್ಪು ಬಾಲಕಿಯರು ಫೆಡರಲ್ ಅಧಿಕಾರಿಗಳ ಕಾವಲಿನಲ್ಲಿ ಕಾಲಿಟ್ಟಾಗಲೂ ಚರ್ಚಿನ ಶಾಲೆಗಳು ಬದಲಾಗಿರಲಿಲ್ಲ. ಪೋಷಕರ ವಿರೋಧ, ಹಣದ ಚಿಂತೆ, ಕ್ಷೀಣಿಸುತ್ತಿದ್ದ ದೃಷ್ಟಿ, ಮುಪ್ಪು ಇವೆಲ್ಲ ಕಾರಣವಾಗಿದ್ದಿರಬಹುದು. ಆದರೆ ಆ ಆರು ವರ್ಷಗಳ ಬೆಲೆ ತೆತ್ತವರು ಕಪ್ಪು ಕಥೋಲಿಕ ಮಕ್ಕಳು.

ಕೊನೆಗೆ 1962ರ ಮಾರ್ಚ್ ತಿಂಗಳಲ್ಲಿ, ಮುಂದಿನ ಶಾಲಾವರ್ಷದಿಂದ ಎಲ್ಲ ಕಥೋಲಿಕ ಶಾಲೆಗಳೂ ಎಲ್ಲ ವರ್ಣದವರಿಗೂ ತೆರೆದಿರುತ್ತವೆಂಬ ಪ್ರಕಟಣೆ ಹೊರಬಿತ್ತು. ವಿರೋಧಿಗಳ ಮುಂದಾಳು ಲಿಯಾಂಡರ್ ಪೆರೆಜ್. ಜೆಸ್ಯೂಟ್ ಬೆಂಡ್ ಇರುವ ಪ್ಲಾಕ್‌ಮಿನ್ಸ್ ಪ್ಯಾರಿಷ್‌ನಲ್ಲಿ ದಶಕಗಳ ಕಾಲ ಅವರ ಮಾತೇ ಶಾಸನವಾಗಿತ್ತು. (ಲೂಯಿಸಿಯಾನಾದಲ್ಲಿ ಜಿಲ್ಲೆಗೆ ಪ್ಯಾರಿಷ್ ಎಂದೇ ಹೆಸರು.) ಚರ್ಚಿಗೆ ಕಾಣಿಕೆ ನಿಲ್ಲಿಸುವಂತೆ ಅವರು ಜನರಿಗೆ ಕರೆಯಿತ್ತರು. ರಮ್ಮೆಲ್ ಮೊದಲು ಪಿತೃಸಹಜವಾದ ಎಚ್ಚರಿಕೆಯ ಪತ್ರ ಕಳುಹಿಸಿದರು. ಅದು ಫಲಿಸದಿದ್ದಾಗ ಏಪ್ರಿಲ್ 16ರಂದು ಪೆರೆಜ್ ಸೇರಿ ಮೂವರನ್ನು ಬಹಿಷ್ಕರಿಸಿದರು. ಸುದ್ದಿ ದೇಶವಿಡೀ ಹರಡಿತು. ಗಮನಿಸಬೇಕಾದುದೆಂದರೆ, ಶಿಕ್ಷೆಗೆ ಕಾರಣವಾದದ್ದು ಶಾಸನಸಭೆಯ ಮತವಲ್ಲ, ಮಹಾಧರ್ಮಾಧ್ಯಕ್ಷರ ಆಜ್ಞೆಗೆ ಒಡ್ಡಿದ ಬಹಿರಂಗ ಅಡ್ಡಿ. 2004ರಲ್ಲಿ ರಮ್ಮೆಲ್ ಅವರ ಹೆಸರೆತ್ತಿದವರಲ್ಲಿ ಎಷ್ಟು ಮಂದಿಗೆ ಈ ವ್ಯತ್ಯಾಸ ನೆನಪಿತ್ತೋ!

ಆ ಸೆಪ್ಟೆಂಬರಿನಲ್ಲಿ ನ್ಯೂ ಆರ್ಲಿಯನ್ಸ್‌ನ ಶಾಲೆಗಳು ಹೆಚ್ಚಿನ ಗದ್ದಲವಿಲ್ಲದೆ ತೆರೆದುಕೊಂಡವು. ಪೆರೆಜ್ ಅವರ ನೆಲದಲ್ಲಿ ಹಾಗಾಗಲಿಲ್ಲ. ಅಲ್ಲಿನ ಬ್ಯೂರಾಸ್‌ನ ಚರ್ಚ್ ಶಾಲೆಗೆ ಐವರು ಕಪ್ಪು ಮಕ್ಕಳು ಸೇರಿದೊಡನೆ ಬಿಳಿಯ ಮಕ್ಕಳು ಬರುವುದನ್ನು ನಿಲ್ಲಿಸಿದರು, ಬೆದರಿಕೆಗಳು ಬಂದವು. ಮರುವರ್ಷ ಆ ಕಟ್ಟಡ ಸ್ಫೋಟಕ್ಕೆ ತುತ್ತಾಯಿತು.

ಬಹುಮಟ್ಟಿಗೆ ಕುರುಡರಾಗಿದ್ದ ರಮ್ಮೆಲ್ 1964ರ ನವೆಂಬರ್ 8ರಂದು ತಮ್ಮ 88ನೆಯ ವಯಸ್ಸಿನಲ್ಲಿ ನಿಧನರಾದರು. ಪೆರೆಜ್ 1969ರಲ್ಲಿ ತೀರಿಕೊಂಡರು. ಅದಕ್ಕೂ ಮುನ್ನ ಧರ್ಮಸಭೆಯೊಡನೆ ಅವರ ರಾಜಿಯಾಗಿತ್ತು. ಅಂತ್ಯಸಂಸ್ಕಾರದ ಬಲಿಪೂಜೆ ನ್ಯೂ ಆರ್ಲಿಯನ್ಸ್‌ನ ಚರ್ಚಿನಲ್ಲಿಯೇ ನಡೆಯಿತು.