ಪರಮಾಣುವಿನ ಗರ್ಭವನ್ನು ಕಂಡ ರದರ್‌ಫೋರ್ಡರು

ನ್ಯೂಜಿಲೆಂಡಿನ ನೆಲ್ಸನ್ ಪಟ್ಟಣದ ಬಳಿಯ ಹಳ್ಳಿಯೊಂದರಲ್ಲಿ 1871ರ ಆಗಸ್ಟ್ 30ರಂದು ಅರ್ನೆಸ್ಟ್ ರದರ್‌ಫೋರ್ಡರು ಜನಿಸಿದರು. ತಂದೆ ಬಾಲ್ಯದಲ್ಲಿಯೇ ಸ್ಕಾಟ್ಲೆಂಡಿನಿಂದ ವಲಸೆ ಬಂದವರು, ಬಂಡಿಯ ಗಾಲಿ ಮಾಡುವ ಕಸುಬಿನವರು, ತಾಯಿ ಉಪಾಧ್ಯಾಯಿನಿ. ಹನ್ನೆರಡು ಮಕ್ಕಳಲ್ಲಿ ಇವರು ನಾಲ್ಕನೆಯವರು. ವಿದ್ಯಾರ್ಥಿವೇತನ ದೊರೆತು 1895ರಲ್ಲಿ ಕೇಂಬ್ರಿಜ್ ಸೇರಿದರು. ಮುಂದೆ ಕೆನಡಾದ ಮಾಂಟ್ರಿಯಲ್, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಎಂದು ಊರೂರು ಬದಲಾಯಿಸುತ್ತ ದುಡಿದರು. 1908ರಲ್ಲಿ ನೊಬೆಲ್ ಬಹುಮಾನ ಬಂದುದು ರಸಾಯನಶಾಸ್ತ್ರಕ್ಕಾಗಿ, ಇವರೋ ಭೌತಶಾಸ್ತ್ರಜ್ಞರು!

ಇವರ ಹಿರಿಯ ಸಾಧನೆ ಅದರ ಅನಂತರದ್ದು. ಎಲೆಕ್ಟ್ರಾನನ್ನು 1897ರಲ್ಲಿ ಕಂಡುಹಿಡಿದ ಗುರು ಜೆ. ಜೆ. ಥಾಮ್ಸನ್ನರ ಮತದಂತೆ, ಪರಮಾಣುವು ಧನವಿದ್ಯುತ್ತು ಸಮನಾಗಿ ಹರಡಿದ ಗೋಲ; ಅದರಲ್ಲಿ ಎಲೆಕ್ಟ್ರಾನುಗಳು ರವೆ ಉಂಡೆಯೊಳಗಿನ ದ್ರಾಕ್ಷಿಯಂತೆ ಹುದುಗಿದ್ದವು. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇವರ ಸೂಚನೆಯಂತೆ ಗೈಗರ್ ಮತ್ತು ಮಾರ್ಸ್‌ಡನ್ನರು ಅತಿ ತೆಳುವಾದ ಚಿನ್ನದ ತಗಡಿನ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದರು. ಬಹುಪಾಲು ಕಣಗಳು ನೆಟ್ಟಗೆ ದಾಟಿಹೋದವು. ಸಾವಿರಾರರಲ್ಲಿ ಒಂದು ಮಾತ್ರ ಬಂದ ಕಡೆಗೇ ಹಿಮ್ಮರಳಿತು. ಆ ಒಂದನ್ನು ಉಪಕರಣದ ದೋಷವೆಂದು ತಳ್ಳಿಬಿಡಬಹುದಿತ್ತು. ರದರ್‌ಫೋರ್ಡರು ತಳ್ಳಲಿಲ್ಲ. ಪರಮಾಣುವಿನ ಬಹುತೇಕ ತೂಕವೆಲ್ಲ ನಡುವಣ ಅತಿಸೂಕ್ಷ್ಮ ಬೀಜದಲ್ಲಿದೆ, ಉಳಿದುದು ಹೆಚ್ಚುಕಡಿಮೆ ಬರಿಯ ಬಯಲು ಎಂದು 1911ರಲ್ಲಿ ಲೆಕ್ಕಸಹಿತ ತೋರಿಸಿದರು. ಗುರುವಿನ ಚಿತ್ರ ಅಲ್ಲಿಗೆ ಬಿದ್ದಿತು. ಇವರ ಚಿತ್ರದಲ್ಲಿಯೂ ತೊಡಕಿತ್ತು: ಸುತ್ತುವ ಎಲೆಕ್ಟ್ರಾನು ಶಕ್ತಿ ಕಳೆದುಕೊಂಡು ಬೀಜದೊಳಕ್ಕೆ ಬೀಳಬೇಕಲ್ಲ! ಅದನ್ನು ಬಿಡಿಸಲು 1913ರಲ್ಲಿ ಹೊರಟವರು ಇವರ ಶಿಷ್ಯರೇ ಆದ ಡೆನ್ಮಾರ್ಕಿನ ನೀಲ್ಸ್ ಬೋರ್.

ಕಡಲಾಚೆಯ ತಾಯಿಗೆ ಕಾಗದ ಬರೆಯುವುದನ್ನು ಮಾತ್ರ ಇವರು ಬಿಡಲಿಲ್ಲ. 1931ರಲ್ಲಿ ಲಾರ್ಡ್ ಪದವಿ ಬಂದಾಗ ಅದರೊಡನೆ ಸೇರಿಸಿಕೊಂಡ ಊರ ಹೆಸರು ನೆಲ್ಸನ್. 1937ರ ಅಕ್ಟೋಬರ್ 19ರಂದು ಕೇಂಬ್ರಿಜಿನಲ್ಲಿ ತೀರಿಕೊಂಡರು. ಅವರ ಚಿತಾಭಸ್ಮ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ನ್ಯೂಟನ್ನರ ಸಮಾಧಿಯ ಸಮೀಪದಲ್ಲಿದೆ.