ಮನೆಗೆಲಸಕ್ಕೂ ಬೆಲೆ ಕೇಳಿದ ಮಂಗಳೂರಿನ ಮಗಳು: ಕಮಲಾದೇವಿ ಚಟ್ಟೋಪಾಧ್ಯಾಯ

ಮೊಗ್ರಾಲ್: ಕೇರಳದ ಹೈಯರ್ ಸೆಕೆಂಡರಿ ತರಗತಿಗಳಲ್ಲಿ ಗೃಹ ವಿಜ್ಞಾನ ಒಂದು ಪಠ್ಯ ವಿಷಯ. ಅಡುಗೆ, ಹೊಲಿಗೆ ಕಲಿಯಲು ಶಾಲೆಗೆ ಹೋಗಬೇಕೇ, ಅದನ್ನು ಅಮ್ಮನೇ ಮನೆಯಲ್ಲಿ ಕಲಿಸುವುದಿಲ್ಲವೇ ಎಂದು ತಮಾಷೆ ಮಾಡುವವರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ಈ ವಿದ್ಯೆಗೆ ದೇಶದಲ್ಲಿ ಒಂದು ಕಾಲೇಜು ಬೇಕೆಂದು ದುಡಿದವರಲ್ಲಿ ನಮ್ಮದೇ ಹಳೆಯ ಜಿಲ್ಲೆಯ ಒಬ್ಬ ಮಹಿಳೆಯೂ ಇದ್ದರು. ಅವರೇ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಕರಕುಶಲ ಕಲೆಗಳ ಪುನರುಜ್ಜೀವನಕ್ಕಾಗಿ ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಗೃಹಿಣಿಯ ದುಡಿಮೆಯ ಬಗ್ಗೆ ಅವರು ಎತ್ತಿದ ಪ್ರಶ್ನೆ ಅಷ್ಟಾಗಿ ಯಾರಿಗೂ ನೆನಪಿಲ್ಲ.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ. ಆಗ ಕಾಸರಗೋಡು, ಕುಂಬಳೆ, ಮೊಗ್ರಾಲ್ ಎಲ್ಲವೂ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕೋರ್ಟು, ಕಚೇರಿ, ಕಾಲೇಜು ಎಂದರೆ ನಮ್ಮವರಿಗೆ ಮಂಗಳೂರೇ ಆಗಿತ್ತು. ತಂದೆ ಅನಂತಯ್ಯ ಧಾರೇಶ್ವರ್ ಸರಕಾರದ ಉನ್ನತ ಅಧಿಕಾರಿ. ತಾಯಿ ಗಿರಿಜಾಬಾಯಿ ಓದು ಬಲ್ಲವರು, ಸ್ವಾಭಿಮಾನಿ. ಪಂಡಿತಾ ರಮಾಬಾಯಿ, ರಮಾಬಾಯಿ ರಾನಡೆ ಮೊದಲಾದವರ ಪರಿಚಯ ಆ ಮನೆಗಿತ್ತು.

ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ತಂದೆಯ ಮೊದಲ ಮದುವೆಯ ಮಗನ ಪಾಲಾಯಿತು. ತಾಯಿ ಮತ್ತು ಮಗಳಿಗೆ ಸಿಕ್ಕಿದ್ದು ಜೀವನಾಂಶ ಮಾತ್ರ. ಗಿರಿಜಾಬಾಯಿ ಅದನ್ನೂ ಬೇಡವೆಂದು, ತವರಿನಿಂದ ತಂದದ್ದರಲ್ಲೇ ಮಗಳನ್ನು ಬೆಳೆಸಿದರು. ಅಳಿಯಸಂತಾನ, ಮರುಮಕ್ಕತ್ತಾಯಂ ಪದ್ಧತಿಗಳಲ್ಲಿ ತಾಯಿಯ ಕಡೆಯಿಂದ ಆಸ್ತಿ ಇಳಿದು ಬರುವುದನ್ನು ಕಂಡ ನಮ್ಮ ನಾಡಿನಲ್ಲೇ, ಇನ್ನೊಂದು ಮನೆಯಲ್ಲಿ ಹೀಗೂ ನಡೆಯುತ್ತಿತ್ತು. ವರ್ಷಗಟ್ಟಲೆ ಮನೆ ನಡೆಸಿದ ಹೆಣ್ಣಿಗೆ ಆ ಮನೆಯ ಮೇಲೆ ಹಕ್ಕಿಲ್ಲ ಎಂಬ ಪಾಠವನ್ನು ಕಮಲಾದೇವಿ ಪುಸ್ತಕದಿಂದ ಕಲಿಯಬೇಕಾಗಿ ಬರಲಿಲ್ಲ.

ಹದಿನಾಲ್ಕನೇ ವಯಸ್ಸಿಗೆ ಅವರಿಗೆ ಮದುವೆಯಾಯಿತು. ಎರಡು ವರ್ಷ ತುಂಬುವಷ್ಟರಲ್ಲಿ ವಿಧವೆಯಾದರು. ಆ ಕಾಲದ ರೂಢಿಯಂತೆ ಅಲ್ಲಿಗೆ ಬದುಕು ಮುಗಿಯಬೇಕಿತ್ತು. ಆದರೆ ಕಮಲಾದೇವಿ ಓದು ಬಿಡಲಿಲ್ಲ. 1907ರಲ್ಲಿ ಮಂಗಳೂರಿಗೆ ರೈಲು ಬಂದಿತ್ತು. ಕುಂಬಳೆ, ಮೊಗ್ರಾಲ್ ದಾಟಿ ತೆಂಕಣಕ್ಕೆ ಸಾಗುವ ಆ ಹಳಿ ಕರಾವಳಿಯ ಮಕ್ಕಳಿಗೆ ಮದ್ರಾಸಿನ ಬಾಗಿಲು ತೆರೆದಿತ್ತು. ಮದ್ರಾಸಿನಲ್ಲಿ ಓದುತ್ತಿದ್ದಾಗ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಮದುವೆಯಾದರು. ವಿಧವೆಯ ಮರುಮದುವೆ, ಅದೂ ಬೇರೆ ಪ್ರಾಂತ್ಯದವರೊಂದಿಗೆ! ಬಂಧುಗಳಿಂದ ಬಹಳ ವಿರೋಧ ಬಂತು. ಮುಂದೆ ಇಂಗ್ಲೆಂಡಿನಲ್ಲಿ ಸಮಾಜಶಾಸ್ತ್ರ ಅಭ್ಯಾಸ ಮಾಡಿ, ಭಾರತಕ್ಕೆ ಮರಳಿ ಗಾಂಧೀಜಿಯವರ ಚಳವಳಿಗೆ ಸೇರಿ, ಸೇವಾದಳದಲ್ಲಿ ದುಡಿದರು.

1926ರಲ್ಲಿ ಮದ್ರಾಸ್ ಶಾಸನ ಪರಿಷತ್ತಿನ ಚುನಾವಣೆಗೆ ಮಹಿಳೆಯರೂ ನಿಲ್ಲಬಹುದೆಂದಾಯಿತು. ಐರಿಷ್ ಮೂಲದ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಯಕ್ಕೆ ಮಣಿದು ಕಮಲಾದೇವಿ ಮಂಗಳೂರಿನಿಂದ ಸ್ಪರ್ಧಿಸಿದರು. ಪ್ರಚಾರಕ್ಕೆ ಸಿಕ್ಕಿದ ಸಮಯ ತೀರ ಕಡಿಮೆ. ಆಸ್ತಿ ಇದ್ದವರಿಗೆ ಮಾತ್ರ ಮತವಿದ್ದ ಕಾಲವಾದ್ದರಿಂದ ಮತದಾರರ ಪಟ್ಟಿಯಲ್ಲಿ ಹೆಂಗಸರು ವಿರಳ. ಆದರೂ ಅವರು ಸೋತದ್ದು ಅಲ್ಪ ಅಂತರದಿಂದ. ಶಾಸನಸಭೆಗೆ ಸ್ಪರ್ಧಿಸಿದ ಭಾರತದ ಮೊದಲ ಮಹಿಳೆಯರ ಸಾಲಿನಲ್ಲಿ ಅವರ ಹೆಸರು ಸೇರಿತು.

ಮರುವರ್ಷ, 1927ರ ಜನವರಿಯಲ್ಲಿ, ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಸೇರಿತು. ಹೆಣ್ಣು ಮಕ್ಕಳ ಶಿಕ್ಷಣ ಹೇಗಿರಬೇಕು ಎಂಬುದೇ ಅಲ್ಲಿನ ಮುಖ್ಯ ಚರ್ಚೆ. ಸಮ್ಮೇಳನದ ಸಂಘಟನಾ ಕಾರ್ಯದರ್ಶಿಯ ಹೊಣೆ ಹೊತ್ತ ಕಮಲಾದೇವಿ ಊರೂರು ಸುತ್ತಿ ಶಾಖೆಗಳನ್ನು ಕಟ್ಟಿದರು. ಯುರೋಪಿಗೂ ಹೋಗಿ ಬಂದರು. 1929ರಲ್ಲಿ ಬರ್ಲಿನ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಮಹಿಳಾ ಸಮಾವೇಶದಲ್ಲಿ ಭಾಗವಹಿಸಿದರು.

ಅಷ್ಟರಲ್ಲಿ ಅಮೆರಿಕದಲ್ಲಿ ಗೃಹ ವಿಜ್ಞಾನ ಒಂದು ಶಾಸ್ತ್ರವಾಗಿ ಬೆಳೆದಿತ್ತು. ರಸಾಯನಶಾಸ್ತ್ರಜ್ಞೆ ಎಲೆನ್ ರಿಚರ್ಡ್ಸ್ ಮತ್ತು ಸಂಗಡಿಗರು 1899ರಿಂದ ಲೇಕ್ ಪ್ಲಾಸಿಡ್‌ನಲ್ಲಿ ಸಭೆ ಸೇರಿ, ನೀರಿನ ಶುದ್ಧತೆ, ಆಹಾರದ ಸತ್ವ, ಮನೆಯ ಖರ್ಚುವೆಚ್ಚಗಳನ್ನು ಪ್ರಯೋಗಶಾಲೆಗೆ ತಂದಿದ್ದರು. ಭಾರತಕ್ಕೆ ಇದರ ಅಗತ್ಯ ಇನ್ನೂ ಹೆಚ್ಚಾಗಿತ್ತು. 1920ರ ದಶಕದಲ್ಲಿ ಇಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿ ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಬಾಣಂತನ, ಮಗುವಿನ ಆಹಾರ, ಬಾವಿ ನೀರಿನ ಶುಚಿತ್ವ ಇವೆಲ್ಲ ಜೀವ ಉಳಿಸುವ ವಿಷಯಗಳಾಗಿದ್ದವು. ಆದರೆ ಗಂಡು ಮಕ್ಕಳ ಪರೀಕ್ಷೆಗೆಂದು ಸಿದ್ಧಪಡಿಸಿದ ಪಠ್ಯದಲ್ಲಿ ಅವುಗಳಿಗೆ ಜಾಗವಿರಲಿಲ್ಲ.

ಇದಕ್ಕಾಗಿ ಮಹಿಳಾ ಸಮ್ಮೇಳನದವರು ನಿಧಿ ಸಂಗ್ರಹಿಸಿದರು. ವೈಸ್‌ರಾಯ್ ಲಾರ್ಡ್ ಇರ್ವಿನ್ ಅವರ ಪತ್ನಿ ಲೇಡಿ ಡೊರೊಥಿ ಇರ್ವಿನ್ ಬೆಂಬಲಕ್ಕೆ ನಿಂತರು. 1932ರ ನವೆಂಬರ್ 10ರಂದು ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ಆರಂಭವಾಯಿತು. ಮೊದಲು ಸೇರಿದ ವಿದ್ಯಾರ್ಥಿನಿಯರು ಹನ್ನೊಂದು ಮಂದಿ. ಹನ್ನಾ ಸೇನ್ ಮೊದಲಾದವರು ಅದನ್ನು ಬೆಳೆಸಿದರು. 1950ರಲ್ಲಿ ಅದು ದೆಹಲಿ ವಿಶ್ವವಿದ್ಯಾನಿಲಯಕ್ಕೆ ಸೇರಿ ಪದವಿ ಕಾಲೇಜಾಯಿತು. ಈ ಸಂಸ್ಥೆ ಹುಟ್ಟಲು ಶ್ರಮಿಸಿದವರಲ್ಲಿ ಕಮಲಾದೇವಿ ಪ್ರಮುಖರು.

ಇಲ್ಲೊಂದು ವಿಚಿತ್ರವಿದೆ. ಕಾಲೇಜಿಗೆ ವೈಸ್‌ರಾಯ್ ಪತ್ನಿಯ ಹೆಸರು. ಅದೇ ವೈಸ್‌ರಾಯ್ ಆಳ್ವಿಕೆಯಲ್ಲಿ, 1930ರಲ್ಲಿ, ಕಮಲಾದೇವಿ ಜೈಲಿಗೆ ಹೋದರು. ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲು ಬೇಕೆಂದು ಗಾಂಧೀಜಿಯವರಲ್ಲಿ ಹಟ ಹಿಡಿದು ಒಪ್ಪಿಗೆ ಪಡೆದವರಲ್ಲಿ ಅವರೂ ಒಬ್ಬರು. ಮುಂಬಯಿಯ ಬೀದಿಗಳಲ್ಲಿ ಕಾನೂನು ಮುರಿದು ಮಾಡಿದ ಉಪ್ಪಿನ ಪೊಟ್ಟಣ ಮಾರಿದರು. ಪ್ರತಿ ಮನೆಯ ಅಡುಗೆ ಕೋಣೆಯಲ್ಲಿರುವ ಉಪ್ಪೇ ಸರಕಾರವನ್ನು ನಡುಗಿಸಿತು. ಅಡುಗೆ ಮನೆಗೂ ದೇಶದ ಆಡಳಿತಕ್ಕೂ ಸಂಬಂಧವಿಲ್ಲ ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿರಲಿಲ್ಲ.

ಗೃಹ ವಿಜ್ಞಾನದ ಮೇಲೆ ಅಂದೂ ಒಂದು ಟೀಕೆ ಇತ್ತು. ಇದು ಹೆಣ್ಣು ಮಕ್ಕಳನ್ನು ಮತ್ತೆ ಅಡುಗೆ ಮನೆಗೇ ಕಟ್ಟಿಹಾಕುವ ಉಪಾಯ ಎಂಬುದು ಆ ಟೀಕೆ. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಒಳ್ಳೆಯ ಸಂಬಂಧ ಕುದುರಲಿ ಎಂದೇ ಮಗಳನ್ನು ಇಂಥ ಕೋರ್ಸಿಗೆ ಸೇರಿಸಿದ ಹೆತ್ತವರು ಬಹಳ ಮಂದಿ. ಆದರೆ ಕಮಲಾದೇವಿಯವರ ಬದುಕೇ ಬೇರೆ ದಾರಿ ತೋರಿಸುತ್ತದೆ. ಅವರು ಒಲೆಯ ಮುಂದೆ ಕುಳಿತು ಬಾಳಿದವರಲ್ಲ. ನಾಟಕದಲ್ಲಿ, ಸಿನಿಮಾದಲ್ಲಿ ಅಭಿನಯಿಸಿದರು, ಹಲವು ಬಾರಿ ಸೆರೆಮನೆ ಕಂಡರು. ಹರೀಂದ್ರನಾಥರಿಂದಲೂ ಕಾನೂನು ಪ್ರಕಾರ ಬೇರ್ಪಟ್ಟರು. ಮನೆಗೆಲಸ ಹೆಣ್ಣಿನ ಹಣೆಬರಹ ಎಂದು ಅವರು ಒಪ್ಪಲಿಲ್ಲ. ಅದು ದುಡಿಮೆ, ದೇಶದ ಸಂಪತ್ತಿಗೆ ಅದರ ಪಾಲೂ ಇದೆ, ಆದ್ದರಿಂದ ಅದಕ್ಕೆ ಆರ್ಥಿಕ ಬೆಲೆ ಕಟ್ಟಬೇಕು ಎಂದು ವಾದಿಸಿದರು. ಅದೇ ಕಾಲಕ್ಕೆ ರಾಷ್ಟ್ರೀಯ ಯೋಜನಾ ಸಮಿತಿಯ ಮಹಿಳಾ ಉಪಸಮಿತಿಯೂ ಮನೆಗೆಲಸವನ್ನು ಆರ್ಥಿಕ ಮೌಲ್ಯವುಳ್ಳ ದುಡಿಮೆಯೆಂದು ಪರಿಗಣಿಸಲು ಶಿಫಾರಸು ಮಾಡಿತು.

1944ರಲ್ಲಿ ಕಮಲಾದೇವಿ ಮಹಿಳಾ ಸಮ್ಮೇಳನದ ಅಧ್ಯಕ್ಷೆಯಾದರು. ಹಿಂದೂ ಹೆಣ್ಣು ಮಕ್ಕಳಿಗೆ ಆಸ್ತಿ ಹಕ್ಕು ಬೇಕೆಂದು ಆ ಸಂಘಟನೆ ವರ್ಷಗಟ್ಟಲೆ ಹೋರಾಡಿತ್ತು. ಕೊನೆಗೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ವಿಧವೆಗೂ ಮಗಳಿಗೂ ಪಾಲು ಬಂತು. ಗಿರಿಜಾಬಾಯಿಯವರಿಗೆ ಅರ್ಧ ಶತಮಾನದ ಹಿಂದೆ ಇಲ್ಲದೆ ಹೋದ ಹಕ್ಕು ಅದು. ಅದೇ ವರ್ಷದ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಗಡಿ ಬದಲಾದರೂ ಈ ಕಾಯ್ದೆ ಎರಡೂ ಕಡೆಯ ಹೆಣ್ಣು ಮಕ್ಕಳಿಗೆ ಒಂದೇ ಆಗಿತ್ತು.

ಸ್ವಾತಂತ್ರ್ಯದ ಬಳಿಕ ಅಧಿಕಾರದ ಕುರ್ಚಿಯ ಹಿಂದೆ ಅವರು ಹೋಗಲಿಲ್ಲ. ನಿರಾಶ್ರಿತರಿಗಾಗಿ ದೆಹಲಿಯ ಸಮೀಪದ ಫರೀದಾಬಾದಿನಲ್ಲಿ ಸಹಕಾರಿ ತತ್ವದ ಮೇಲೆ ಕೆಲಸ ಮಾಡಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತರು. ನೇಯ್ಗೆ, ಕಸೂತಿ, ಚಾಪೆ, ಬುಟ್ಟಿ ಎಂದು ಮನೆಯ ಜಗಲಿಯಲ್ಲಿ ಕುಳಿತು ಮಾಡುತ್ತಿದ್ದ ಕೆಲಸಗಳಿಗೆ ಮಾರುಕಟ್ಟೆ ದೊರಕಿಸಿದರು. ಮನೆಯೊಳಗಿನ ಕೌಶಲಕ್ಕೆ ಬೆಲೆ ಬರಬೇಕೆಂಬ ಹಳೆಯ ಮಾತನ್ನೇ ಅವರು ಇಲ್ಲಿ ಕಾರ್ಯರೂಪಕ್ಕೆ ತಂದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ನಿಧನರಾದರು.

ಕಮಲಾದೇವಿ ಎತ್ತಿದ ಪ್ರಶ್ನೆ ಮಾತ್ರ ಇನ್ನೂ ಮುಗಿದಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಭಾರತದ ಮಹಿಳೆ ದಿನಕ್ಕೆ ಸರಾಸರಿ 299 ನಿಮಿಷ, ಅಂದರೆ ಹೆಚ್ಚುಕಡಿಮೆ ಐದು ಗಂಟೆ, ಸಂಬಳವಿಲ್ಲದೆ ದುಡಿಯುತ್ತಾಳೆ. ಮನೆಗೆಲಸಕ್ಕೆ ಕೈಹಾಕುವ ಪುರುಷರ ಲೆಕ್ಕ 97 ನಿಮಿಷ. ಇಷ್ಟಾದರೂ 2011ರ ಜನಗಣತಿಯಲ್ಲಿ ಮನೆಗೆಲಸ ಮಾತ್ರ ಮಾಡುವವರು ಸೇರಿದ್ದು ದುಡಿಯದವರ ಪಟ್ಟಿಗೆ.

1998ರಲ್ಲಿ ಆರಂಭವಾದ ಕುಟುಂಬಶ್ರೀಯ ಮೂಲಕ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ನಮ್ಮ ಊರಿನ ಹೆಂಗಸರಿಗೆ ಕೈಗುಣಕ್ಕೆ ಹಣ ಸಿಗುವುದು ಏನೆಂದು ಗೊತ್ತಿದೆ. ಅದೇ ಹೆಂಗಸು ತನ್ನ ಮನೆಯವರಿಗಾಗಿ ಹಪ್ಪಳ ಒಣಗಿಸಿದರೆ ಅದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಮಂಗಳೂರಿನ ಆ ಮಗಳು ನೂರು ವರ್ಷಗಳ ಹಿಂದೆ ನಮ್ಮ ಜಿಲ್ಲೆಯಿಂದಲೇ ಹೊರಟು ದೇಶದ ಮುಂದೆ ಇಟ್ಟ ಲೆಕ್ಕ ಇದು. ಗಂಡು ಮಕ್ಕಳೂ ಅಡುಗೆ ಮನೆಯ ಕೆಲಸಕ್ಕೆ ಹೆಗಲು ಕೊಟ್ಟ ದಿನ ಅದು ಸರಿಹೊಂದಲು ಆರಂಭವಾದೀತು.