ಉಪ್ಪು ನೀರಿನಲ್ಲಿ ವಿದ್ಯುತ್ತಿನ ದಾರಿ ಕಂಡ ಹೆನ್ರಿ ಕ್ಯಾವೆಂಡಿಷ್

ಮಕ್ಕಳೇ, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬಾರದು ಎಂದು ಹಿರಿಯರು ಹೇಳುವುದನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ನೀರಿಗೂ ವಿದ್ಯುತ್ತಿಗೂ ಏನು ನಂಟು? ಆ ನೀರಿನಲ್ಲಿ ಉಪ್ಪು ಬೆರೆತಿದ್ದರೆ ಏನಾಗುತ್ತದೆ? ಸುಮಾರು 250 ವರ್ಷಗಳ ಹಿಂದೆಯೇ ಇದನ್ನು ಅಳೆದು ನೋಡಿದವರು ಇಂಗ್ಲೆಂಡಿನ ವಿಜ್ಞಾನಿ ಹೆನ್ರಿ ಕ್ಯಾವೆಂಡಿಷ್. ಜಲಜನಕದ ಪಾಠದಲ್ಲಿ ನೀವು ಇವರ ಹೆಸರನ್ನು ಓದಿರಬಹುದು.

ಮಾತು ಕಡಿಮೆ, ಪ್ರಯೋಗ ಹೆಚ್ಚು

ಕ್ಯಾವೆಂಡಿಷ್ 1731ರ ಅಕ್ಟೋಬರ್ 10ರಂದು ನೀಸ್ ನಗರದಲ್ಲಿ ಜನಿಸಿದರು. ಈ ನಗರ ಈಗ ಫ್ರಾನ್ಸ್ ದೇಶದಲ್ಲಿದೆ. ಅವರಿಗೆ ಎರಡು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. 1749ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಸೇರಿದರೂ 1753ರಲ್ಲಿ ಪದವಿ ಪಡೆಯದೆಯೇ ಹೊರಬಂದರು. ಸಿರಿವಂತ ಮನೆತನದವರಾದರೂ ಅವರಿಗೆ ಆಡಂಬರ ಬೇಕಿರಲಿಲ್ಲ. ಬಹಳ ನಾಚಿಕೆಯ ಸ್ವಭಾವ. ಮನೆಯ ಕೆಲಸದವರಿಗೆ ಹೇಳಬೇಕಾದುದನ್ನೂ ಚೀಟಿಯಲ್ಲಿ ಬರೆದಿಡುತ್ತಿದ್ದರು! ಮನೆಯೇ ಅವರ ಪ್ರಯೋಗಶಾಲೆಯಾಗಿತ್ತು. 1766ರಲ್ಲಿ ಜಲಜನಕದ ಗುಣಗಳನ್ನು ಅಳತೆಯ ಸಮೇತ ವಿವರಿಸಿದರು.

ಚರ್ಮದ ಮೀನು

ಸಮುದ್ರದಲ್ಲಿ ಟಾರ್ಪಿಡೊ ಎಂಬ ಚಪ್ಪಟೆ ಮೀನು ಇದೆ. ಅದನ್ನು ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಇದು ವಿದ್ಯುತ್ತಿನದೇ ಆಟ ಎಂದು 1772ರಲ್ಲಿ ಜಾನ್ ವಾಲ್ಷ್ ಎಂಬುವವರು ಪ್ರಯೋಗ ಮಾಡಿ ಹೇಳಿದರು. ಹಲವರು ಒಪ್ಪಲಿಲ್ಲ. ಮೀನಿನ ಸುತ್ತಲೂ ಉಪ್ಪು ನೀರಿದೆ. ವಿದ್ಯುತ್ತು ಆ ಸುಲಭದ ದಾರಿ ಬಿಟ್ಟು ಮನುಷ್ಯನ ಕೈಗೆ ಏಕೆ ಬರಬೇಕು ಎಂಬುದು ಅವರ ಪ್ರಶ್ನೆ.

ಕ್ಯಾವೆಂಡಿಷ್ ವಾದಕ್ಕೆ ಇಳಿಯಲಿಲ್ಲ. ತಾವೇ ಒಂದು ಮೀನು ಮಾಡಿದರು! ಮರದ ಮೀನು ಸರಿಹೋಗಲಿಲ್ಲ. ಆಮೇಲೆ ದಪ್ಪ ಚರ್ಮದ ಮೀನು ಮಾಡಿ, ಅದನ್ನು ಉಪ್ಪು ನೀರಿನಲ್ಲಿ ನೆನೆಸಿ, ಲೋಹದ ತಗಡು ಕೂಡಿಸಿದರು. ಅದನ್ನು 49 ಲೇಡನ್ ಜಾಡಿಗಳಿಗೆ ತಂತಿಯಿಂದ ಜೋಡಿಸಿದರು. ಲೇಡನ್ ಜಾಡಿ ಎಂದರೆ ವಿದ್ಯುತ್ತನ್ನು ಕೂಡಿಡುವ ಗಾಜಿನ ಪಾತ್ರೆ. ಮೀನನ್ನು ಉಪ್ಪು ನೀರಿನ ತೊಟ್ಟಿಯಲ್ಲಿಟ್ಟು ಮುಟ್ಟಿದಾಗ ನಿಜವಾದ ಟಾರ್ಪಿಡೊದಂತೆಯೇ ಶಾಕ್ ಹೊಡೆಯಿತು. 1775ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಮೊದಲಾದ ವಿಜ್ಞಾನಿಗಳನ್ನು ಕರೆದು ಇದನ್ನು ತೋರಿಸಿದರು.

ಈ ಪ್ರಯೋಗ ಕಲಿಸಿದ್ದೇನು? ವಿದ್ಯುತ್ತು ಅತಿ ಸುಲಭದ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಇರುವ ಎಲ್ಲ ದಾರಿಗಳಲ್ಲೂ ಹಂಚಿಕೊಂಡು ಹರಿಯುತ್ತದೆ. ಸುಲಭದ ದಾರಿಯಲ್ಲಿ ಹೆಚ್ಚು, ಕಷ್ಟದ ದಾರಿಯಲ್ಲಿ ಕಡಿಮೆ. ನೀರಿನೊಳಗೆ ಹೆಚ್ಚಿನ ಪಾಲು ಹರಿದರೂ ಒಂದು ಪಾಲು ಮುಟ್ಟಿದವರ ಮೈಯಲ್ಲೂ ಹರಿಯುತ್ತದೆ.

ದೇಹವೇ ಮೀಟರು

ಆಗ ವಿದ್ಯುತ್ ಪ್ರವಾಹ ಅಳೆಯುವ ಮೀಟರು ಇರಲಿಲ್ಲ. ಕ್ಯಾವೆಂಡಿಷ್ ತಮ್ಮ ದೇಹವನ್ನೇ ಮೀಟರು ಮಾಡಿಕೊಂಡರು. ಬೇರೆ ಬೇರೆ ದ್ರಾವಣಗಳ ಮೂಲಕ ಶಾಕ್ ತೆಗೆದುಕೊಂಡು, ಯಾವುದು ಜೋರು, ಯಾವುದು ಮೆಲು ಎಂದು ಹೋಲಿಸಿದರು. ಸಮುದ್ರದ ನೀರು ಮಳೆ ನೀರಿಗಿಂತ ಸುಮಾರು 100 ಪಟ್ಟು ಉತ್ತಮ ವಾಹಕ ಎಂದು 1776ರಲ್ಲಿ ಪ್ರಕಟಿಸಿದರು. ಉಪ್ಪು ಕರಗಿದಾಗ ವಿದ್ಯುದಂಶವುಳ್ಳ ಕಣಗಳಾಗಿ, ಅಂದರೆ ಅಯಾನುಗಳಾಗಿ ಬೇರ್ಪಡುತ್ತದೆ. ವಿದ್ಯುತ್ತನ್ನು ಹೊತ್ತೊಯ್ಯುವುದು ಇವೇ. ಇದು ತಿಳಿದದ್ದು ಕ್ಯಾವೆಂಡಿಷ್ ಕಾಲದ ಎಷ್ಟೋ ವರ್ಷಗಳ ನಂತರ.

ನೆನಪಿಡಿ, ಇಂಥ ಪ್ರಯೋಗವನ್ನು ನೀವು ಎಂದೂ ಮಾಡಬಾರದು. ನಮ್ಮ ಮನೆಗಳಿಗೆ ಬರುವ 230 ವೋಲ್ಟಿನ ವಿದ್ಯುತ್ತು ಪ್ರಾಣ ತೆಗೆಯಬಲ್ಲದು.

ಮೀನಿನ ತೊಟ್ಟಿಯ ಗುಟ್ಟು

ಈಗ ಕೆಲವರು ಮನೆಯಲ್ಲಿ ಸಮುದ್ರದ ಮೀನುಗಳನ್ನು ಸಾಕುತ್ತಾರೆ. ಗಾಜಿನ ತೊಟ್ಟಿಯ ತುಂಬ ಉಪ್ಪು ನೀರು. ಒಳಗೆ ಪಂಪು, ಹೀಟರು, ಮೇಲೆ ದೀಪ. ಹೀಟರಿನ ಗಾಜು ಬಿರುಕು ಬಿಟ್ಟರೆ ಕರೆಂಟು ನೀರಿಗೆ ಸೋರುತ್ತದೆ. ಆದರೂ ಮೀನುಗಳು ಆರಾಮವಾಗಿ ಈಜುತ್ತಿರಬಹುದು! ಏಕೆ ಗೊತ್ತೇ? ಗಾಜು ಅವಾಹಕ. ತೊಟ್ಟಿಯಿಂದ ನೆಲಕ್ಕೆ ಹರಿಯಲು ಕರೆಂಟಿಗೆ ದಾರಿಯಿಲ್ಲ. ತಂತಿಯ ಮೇಲೆ ಕುಳಿತ ಹಕ್ಕಿಗೆ ಶಾಕ್ ಹೊಡೆಯದ ಹಾಗೆ ಇದು. ಯಾರಾದರೂ ನೆಲದ ಮೇಲೆ ನಿಂತು ನೀರಿಗೆ ಕೈ ಹಾಕಿದರೆ ಅವರ ದೇಹವೇ ದಾರಿಯಾಗುತ್ತದೆ. ಆದ್ದರಿಂದ ಮೀನು ಬದುಕಿದೆ, ನೀರು ಸುರಕ್ಷಿತ ಎಂದು ತಿಳಿಯಬೇಡಿ.

ಹೀಗೆ ಸೋರುವ ಕರೆಂಟನ್ನು ಹಿಡಿಯಲು ಆರ್‌ಸಿಸಿಬಿ ಎಂಬ ಸಾಧನವಿದೆ. ಹೋದ ಕರೆಂಟು ಪೂರ್ತಿ ಹಿಂದಿರುಗಿತೇ ಎಂದು ಅದು ಲೆಕ್ಕ ನೋಡುತ್ತದೆ. ಮನೆಗಳಲ್ಲಿ ಜೀವರಕ್ಷಣೆಗೆ ಹಾಕುವ ಆರ್‌ಸಿಸಿಬಿ, 30 ಮಿಲಿಆಂಪಿಯರ್ ಸೋರಿದರೂ ಕ್ಷಣದಲ್ಲಿ ಕರೆಂಟು ಕಡಿಯುತ್ತದೆ. ಇಷ್ಟು ಸಣ್ಣ ಸೋರಿಕೆ ಸಾಮಾನ್ಯ ಫ್ಯೂಸಿಗೆ ತಿಳಿಯುವುದೇ ಇಲ್ಲ.

ಉಳಿದ ಹೆಸರು

1798ರಲ್ಲಿ ಕ್ಯಾವೆಂಡಿಷ್ ಭೂಮಿಯ ಸಾಂದ್ರತೆಯನ್ನು ಅಳೆದರು. 1810ರ ಫೆಬ್ರವರಿ 24ರಂದು ತೀರಿಕೊಂಡರು. ವಿದ್ಯುತ್ತಿನ ಬಗ್ಗೆ ಅವರು ಬರೆದಿಟ್ಟ ಬಹುಪಾಲು ಹಾಳೆಗಳು ಹಾಗೆಯೇ ಉಳಿದಿದ್ದವು. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅವುಗಳನ್ನು 1879ರಲ್ಲಿ ಪ್ರಕಟಿಸಿದಾಗ, ಈ ಮೌನಿ ವಿಜ್ಞಾನಿ ಎಷ್ಟು ಮುಂದೆ ಹೋಗಿದ್ದರು ಎಂಬುದು ಜಗತ್ತಿಗೆ ತಿಳಿಯಿತು.

ನೀವು ಪಾಲಿಸಿ

• ಮೀನಿನ ತೊಟ್ಟಿಗೆ ಕೈ ಹಾಕುವ ಮೊದಲು ದೊಡ್ಡವರಿಂದ ಎಲ್ಲ ಪ್ಲಗ್ಗುಗಳನ್ನು ತೆಗೆಸಿ.
• ವೈರು ಪ್ಲಗ್ಗಿಗಿಂತ ಕೆಳಗೆ ಜೋತು, ನಂತರ ಮೇಲೇರಲಿ. ವೈರಿನ ಮೇಲೆ ಇಳಿದ ನೀರು ಪ್ಲಗ್ಗಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ.
• ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ, ದೊಡ್ಡವರನ್ನು ಕೂಗಿ.